ಅಂಗಳ ದಾಟಬಾರದ ದಾಳಿಂಬೆ

ಅಡಿಲೇಡ್,
ಮೇ 27, ಸೋಮವಾರ

ತಮ್ಮ ಅರ್ಗೀರಿಸನಿಗೆ,

ನೀನು, ವಾಸೋ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಿತ್ತಳೆ ತೋಟವಂತೂ ಕ್ಷೇಮವಾಗಿರಲೇಬೇಕು. ಅದರ ಆರೋಗ್ಯಕ್ಕಾಗಿ ಇಲ್ಲಿ ನಮ್ಮ ಮನೆಯಿಂದ ಸುತ್ತ ಒಂದೂವರೆ ಕಿಲೋಮೀಟರಿನ ಜನರೆಲ್ಲ ನಮ್ಮ ನಮ್ಮ ಗಿಡದ ಹಣ್ಣು ಮುಟ್ಟಲು ಅಪ್ಪಣೆ ಕೇಳುತ್ತಿದ್ದೇವೆ. ನೀನು ಆರು ಸಲ ಫೋನ್ ಮಾಡಿದೆ, ಎರಡು ಕಾಗದ ಬರೆದೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ವಾಡಿಕೆ, ಅದಕ್ಕೆ ಕೇಳಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತೇನೆ. ಕಾಗದದಲ್ಲಾದರೆ ಆರಿಸಿ ಬೈಯಬಹುದು.

ಅಮ್ಮನನ್ನು ಮಣ್ಣು ಮಾಡಿದ ಸಂಜೆ ನಿನ್ನ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮ ಹಿತ್ತಲಿನ ಒಂದು ದಾಳಿಂಬೆ ಇಟ್ಟಿದ್ದೆ. ಹೇಳದೆ ಇಟ್ಟದ್ದು ತಪ್ಪು, ಒಪ್ಪಿದೆ. ಹಣ್ಣುನೊಣದ ಹುಳ ಹಬ್ಬೀತು, ನಿಮ್ಮ ತೋಟಗಳ ಕಡೆಗೆ ಹಣ್ಣು ಒಯ್ಯಬಾರದೆಂದು ಇಲ್ಲಿನ ಕೂಸಿಗೂ ಗೊತ್ತು. ಆದರೆ ಹೆದ್ದಾರಿಯ ಪಕ್ಕ ಹಣ್ಣು ಎಸೆಯಲೆಂದೇ ತೊಟ್ಟಿ ಇಟ್ಟಿದ್ದಾರಲ್ಲ. ಅದರೊಳಗೆ ಹಾಕಿ ಹೋಗಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನೀನು ಕಾರಿನ ಬಾನೆಟ್ಟಿನ ಮೇಲಿಟ್ಟು ಕೊಯ್ದೆ, ಹುಳ ನೋಡಿದೆ, ತಪಾಸಣೆಯವರನ್ನು ಕರೆದೆ, ಮನೆ ನಂಬರಿನ ಸಮೇತ ನಮ್ಮ ವಿಳಾಸ ಬರೆಸಿದೆ. ನನಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಎರಡು ದಿನದ ಮೇಲೆ ಹಳದಿ ಜಾಕೀಟಿನ ಐದು ಜನ ಬಾಗಿಲಲ್ಲಿ ನಿಂತಾಗ, ಅಮ್ಮನ ಸುದ್ದಿ ಕೇಳಿ ಮಾತಾಡಿಸಲು ಬಂದವರೆಂದುಕೊಂಡು ನಾನು ಕಾಫಿಗೆ ನೀರಿಟ್ಟೆ.

ಅವರು ದಾಳಿಂಬೆ ಗಿಡವನ್ನು ಬೋಳಿಸಿದರು. ನಿಂಬೆ, ಪೇರಲ, ಕೊನೆಗೆ ಮೆಣಸಿನಗಿಡವನ್ನೂ ಬಿಡಲಿಲ್ಲ. ಆಮೇಲೆ ಬೀದಿ ಪೂರ್ತಿ. ಪಕ್ಕದ ಮನೆಯ ಕೊಸಿಮೊ ನಿನಗೆ ಗೊತ್ತಲ್ಲ, ನಿನಗೆ ಸೈಕಲ್ ಕಲಿಸಿದವನು. ಅವನ ಅಂಜೂರ, ಅವನ ಹೆಂಡತಿ ಒಣಗಿಸಲು ಕಾಯುತ್ತಿದ್ದ ಪರ್ಸಿಮನ್ ಹಣ್ಣು, ಎಲ್ಲ ಚೀಲಕ್ಕೆ ಹೋಯಿತು. ಇಟಲಿಯಿಂದ ಬಂದು ಐವತ್ತು ವರ್ಷವಾದರೂ ಅವನು ಅಂಗಡಿಯಲ್ಲಿ ಅಂಜೂರ ಕೊಂಡವನಲ್ಲ. ಬೇಲಿಯ ಮೇಲಿಂದ ಕೇಳಿದ, "ನಿನ್ನ ತಮ್ಮನಿಗೆ ಸರ್ಕಾರದೋರು ಮೆಡಲ್ ಕೊಟ್ರೇನಮ್ಮಾ?"

"ಅವನಿಗೆ ತೋಟ ಇದೆ ಕೊಸಿಮೊ. ಹುಳ ಅಲ್ಲಿಗೆ ಹೋದ್ರೆ ಅನ್ನಕ್ಕೇ ಕಲ್ಲು ಬೀಳತ್ತೆ," ಅಂದೆ. ಹೌದು, ನಾನೇ ನಿನ್ನ ಪರ ವಹಿಸಿದೆ.

"ನಮ್ಮದೇನು ಕಾಡಾ? ನಮ್ಮದೂ ಗಿಡಾನೇ. ಇನ್ಮೇಲೆ ನಿಮ್ಮನೆಯಿಂದ ಒಂದು ಎಲೆನೂ ಈ ಕಡೆ ಬರಬಾರದು," ಅಂದು ಒಳಗೆ ಹೋದ. ಆ ಬೇಲಿಯಲ್ಲಿ ನಾವು ತಟ್ಟೆ ದಾಟಿಸಲು ಒಂದು ಹಲಗೆ ಕಿತ್ತಿಟ್ಟಿದ್ದೆವು. ಮರುದಿನ ಅದನ್ನು ಮೊಳೆ ಹೊಡೆದು ಮುಚ್ಚಿದ. ಅಮ್ಮ ಸತ್ತದ್ದಕ್ಕಿಂತ ಆ ಸುತ್ತಿಗೆಯ ಸದ್ದಿಗೆ ನಾನು ಹೆಚ್ಚು ಅತ್ತೆ.

ನನ್ನ ಕೆಲಸದ ಕಥೆಯನ್ನೂ ಕೇಳು. ಶಾಲೆಯ ಕ್ಯಾಂಟೀನಿನಲ್ಲಿ ಈಗ ಅಡುಗೆಗಿಂತ ಮುಂಚೆ ಮಕ್ಕಳ ಊಟದ ಡಬ್ಬಿ ನೋಡುವುದು ನನ್ನ ಪಾಲಿಗೆ ಬಂದಿದೆ. ಮನೆಯ ಗಿಡದ ಹಣ್ಣಿದ್ದರೆ ತೆಗೆದಿಡಬೇಕು. ಮೊನ್ನೆ ಒಬ್ಬಳು ಪುಟ್ಟ ಹುಡುಗಿ ಕಿತ್ತಳೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ನಿಮ್ಮನೆ ಹುಳ ತಾನೇ ಇದು," ಅಂದಳು. ಅವಳ ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ನನಗೆ ಗೊತ್ತಾಯಿತು.

ಇನ್ನು ನಲವತ್ತನೇ ದಿನದ ಪ್ರಾರ್ಥನೆಯ ವಿಷಯ. ಅಮ್ಮನ ನಲವತ್ತಕ್ಕೆ ಬೇಯಿಸುವ ಗೋಧಿಯ ಮೇಲೆ ಅವಳು ನೆಟ್ಟ ಗಿಡದ ದಾಳಿಂಬೆ ಬೀಳಬೇಕೆಂಬುದು ನನ್ನ ಹಟ. ಅಪ್ಪನಿಗೆ ಅವಳು ಹಾಗೆಯೇ ಮಾಡಿದ್ದಳು. ನೀನು ಫೋನಿನಲ್ಲಿ ಏನಂದೆ, ನೆನಪಿದೆಯೇ? "ಅಕ್ಕಾ, ಅಂಗಡೀಲಿ ತಗೊಂಡ್ಬಿಡು. ತಪಾಸಣೆಯೋರಿಗೆ ತೋರಿಸೋಕೆ ರಸೀದಿ ಮಾತ್ರ ಜೋಪಾನವಾಗಿಟ್ಕೋ." ಅಮ್ಮನ ಆತ್ಮಕ್ಕೆ ಗೋಧಿ, ಪಕ್ಕದಲ್ಲಿ ರಸೀದಿ. ಅದೂ ಸಾಲದೆ, "ನಾನು ಆ ಬೀದಿಗೆ ಕಾಲಿಟ್ಟೆ ಅಂತ ಗೊತ್ತಾದ್ರೆ ಪ್ಯಾಕಿಂಗ್ ಶೆಡ್ಡಿನೋರು ನನ್ನ ಹಣ್ಣು ಇಳಿಸಿಕೊಳ್ಳಲ್ಲ. ಇಲ್ಲೇ ನಮ್ಮ ಚರ್ಚಲ್ಲಿ ಮಾಡಿಸ್ತೀನಿ," ಅಂದೆ. ಒಬ್ಬ ತಾಯಿಗೆ ಎರಡೂರಲ್ಲಿ ನಲವತ್ತು. ಚರ್ಚಿನಲ್ಲಿ ಯಾರಾದರೂ ಅಕ್ಕ ಎಲ್ಲಿ ಎಂದು ಕೇಳಿದ್ದರೆ ನೀನೇನು ಹೇಳಿದೆಯೋ.

ತಪಾಸಣೆಯವರ ಪೈಕಿ ನಮ್ಮ ಬೀದಿಯ ಉಸ್ತುವಾರಿ ಡೆನೀಸ್ ಎಂಬ ಹೆಂಗಸಿನದು. ನಾನು ಅವಳೊಡನೆ ಜಗಳಕ್ಕೇ ನಿಂತೆ. ಕೊನೆಗೆ ಅವಳು ಕಿತ್ತ ದಾಳಿಂಬೆಗಳನ್ನು ಒಂದೊಂದಾಗಿ ಕೊಯ್ದು ನೋಡಿ, ಶುದ್ಧವಾದ ಎರಡರ ಬೀಜ ಬಿಡಿಸಿ ಫ್ರೀಜರಿನಲ್ಲಿಡಲು ಬಿಟ್ಟಳು. "ನಿಮ್ಮ ಗೇಟು ದಾಟಬಾರದು. ಮನೇಲೇ ತಿಂದು ಮುಗಿಸಬೇಕು," ಅಂದಳು. ಹಾಗಾದರೆ ಚರ್ಚಿಗೆ ಒಯ್ಯುವಂತಿಲ್ಲ. ಫಾದರ್ ಕ್ರಿಸಾಂಥೊಸ್ ಬಳಿ ಹೋಗಿ ನೀವೇ ಮನೆಗೆ ಬನ್ನಿ ಅಂದೆ. ಅವರು ಗಡ್ಡ ಕೆರೆದುಕೊಂಡು, "ದೇವರ ಮನೆ ಬಿಟ್ಟು ಹಿತ್ತಲಲ್ಲಿ ನಲವತ್ತು ಮಾಡೋದಾ? ನಾಳೆ ಗ್ಯಾರೇಜಲ್ಲಿ ಮದುವೆ ಮಾಡಿಸು ಅಂತೀಯಾ," ಅಂದರು. ಆದರೂ ಬಂದರು.

ಶನಿವಾರ ಹನ್ನೊಂದು ಜನ ಸೇರಿದ್ದರು. ಮಣ್ಣಿಗೆ ಇನ್ನೂರು ಜನ ಬಂದಿದ್ದರು, ಎಣಿಕೆ ನಿನಗೇ ಗೊತ್ತು. ಬೋಳು ಗಿಡದ ಕೆಳಗೆ ಮೇಜು ಹಾಕಿ, ಗೋಧಿಗೆ ಸಕ್ಕರೆ ಹೊದಿಸಿ, ದಾಳಿಂಬೆಯಲ್ಲಿ ಶಿಲುಬೆ ಬರೆದಿದ್ದೆ. ಫಾದರ್ ಪ್ರಾರ್ಥನೆ ಶುರುಮಾಡುತ್ತಲೇ ಕೊಸಿಮೊ ಬೇಲಿಯಾಚೆ ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಜೋರು ಮಾಡಿದ. ಅಮ್ಮನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಯಾರೋ ಗೋಲು ಹೊಡೆದರು.

ಆಮೇಲೆ ಎಡವಟ್ಟಾಯಿತು. ಅಭ್ಯಾಸಬಲ ನೋಡು, ನಾನು ಗೋಧಿಯನ್ನು ಚಿಕ್ಕ ಬಿಳಿ ಚೀಲಗಳಲ್ಲಿ ಕಟ್ಟಿ ಎಲ್ಲರ ಕೈಗೂ ಕೊಟ್ಟಿದ್ದೆ. ನಲವತ್ತಕ್ಕೆ ಬಂದವರು ಮನೆಗೆ ಒಯ್ಯದೆ ಇರುತ್ತಾರೆಯೇ? ಮುದುಕಿಯರೆಲ್ಲ ಕೈಚೀಲಕ್ಕೆ ತುರುಕಿಕೊಂಡು ಗೇಟಿಗೆ ಹೋದರೆ ಅಲ್ಲಿ ಡೆನೀಸ್ ನಿಂತಿದ್ದಾಳೆ.

"ಅಮ್ಮಾ, ಅದನ್ನ ಇಲ್ಲೇ ಬಿಟ್ಟು ಹೋಗ್ಬೇಕು," ಅಂದಳು.

ಪಗೋನ ಚಿಕ್ಕಮ್ಮ ಕೈಚೀಲವನ್ನು ಎದೆಗವಚಿಕೊಂಡಳು. "ಸತ್ತೋರ ಗೋಧಿ ವಾಪಸ್ ಕೊಡೋದಾ? ನಿನ್ನ ಮನೇಲಿ ಯಾರೂ ಸಾಯಲ್ವೇನೇ?"

"ಸಾಯ್ತಾರೆ. ನಮ್ಮಪ್ಪ ಹೋಗಿ ಆರು ತಿಂಗಳಾಯ್ತು. ಆದ್ರೂ ಇದು ಗೇಟು ದಾಟಂಗಿಲ್ಲ."

ಯಾರೂ ಬಿಟ್ಟುಕೊಡಲಿಲ್ಲ. ಹನ್ನೊಂದು ಜನ ಗೇಟಿನೊಳಗೆ ಸಾಲಾಗಿ ನಿಂತು, ಚೀಲ ಹರಿದು, ಕೈಯಲ್ಲೇ ಗೋಧಿ ಮುಕ್ಕಿ ಮುಗಿಸಿದರು. ಪಗೋನ ಚಿಕ್ಕಮ್ಮ ಬಾಯಿ ತುಂಬ ಇಟ್ಟುಕೊಂಡೇ, "ಆ ಅರ್ಗೀರಿಸ್‌ಗೆ ಹೇಳು, ನಾನು ಸತ್ತಾಗ ಅವನು ಬರೋದು ಬೇಡ," ಅಂದಳು. ಹೇಳಿದ್ದೇನೆ.

ನಿನ್ನ ಮಕ್ಕಳು ಚೆನ್ನಾಗಿ ಬೆಳೆಯಲಿ, ನಿನ್ನ ಗಿಡಗಳಿಗೆ ಹುಳ ತಾಗದಿರಲಿ. ಇದು ಕುಹಕವಲ್ಲ, ಆಶೀರ್ವಾದವೇ. ಆದರೆ ಸದ್ಯ ಈ ಕಡೆ ಬರಬೇಡ.

ನಿನ್ನ ಅಕ್ಕ,
ಸ್ಟಮಾಟಿಯಾ

ಮರೆತ ಮಾತು: ಆ ಹಣ್ಣು ನಾನು ಆವತ್ತು ಕಿತ್ತದ್ದಲ್ಲ. ಅಮ್ಮ ಮಾರ್ಚಿನಲ್ಲೇ ಕಿತ್ತು, "ಇದು ಅರ್ಗೀರಿಗೆ, ಭಾನುವಾರ ಬರ್ತಾನೆ," ಎಂದು ಕಿಟಕಿಯಲ್ಲಿಟ್ಟಿದ್ದಳು. ನೀನು ನಾಲ್ಕು ಭಾನುವಾರ ಬರಲಿಲ್ಲ. ಐದನೆಯ ವಾರ ಅವಳು ಹಾಸಿಗೆ ಹಿಡಿದು ಕೇಳಿದಾಗ, "ಬಂದಿದ್ದ ಅಮ್ಮಾ, ನೀನು ಮಲಗಿದ್ದೆ, ಎಬ್ಬಿಸ್ಬೇಡ ಅಂದ. ಹಣ್ಣು ತಗೊಂಡು ಹೋದ," ಅಂದುಬಿಟ್ಟೆ. ಅವಳ ಕಣ್ಣಿಗೆ ಬೀಳದಿರಲೆಂದು ಹಣ್ಣನ್ನು ಹಿತ್ತಲಿನ ಶೆಡ್ಡಿನಲ್ಲಿ ಬಚ್ಚಿಟ್ಟೆ. ಅಲ್ಲೇ ಅದು ಬಿರಿದದ್ದು, ಅಲ್ಲೇ ನೊಣ ಕೂತದ್ದು. ಹಾಳಾಗಿದೆಯೆಂದು ಗೊತ್ತಿದ್ದೂ ನಿನ್ನ ಕಾರಿನಲ್ಲಿಟ್ಟೆ, ಹೇಳಿದ ಸುಳ್ಳು ಅರ್ಧವಾದರೂ ನಿಜವಾಗಲಿ ಎಂದು. ಕೊಸಿಮೊಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಸಾಯುವ ಹಿಂದಿನ ದಿನ ಅಮ್ಮ ಇನ್ನೊಂದು ಮಾತು ಕೇಳಿದಳು, "ಸಿಹಿಯಿತ್ತಂತಾ?" ಇತ್ತಂತೆ ಅಂದೆ.