ನಕ್ಷೆಯಲ್ಲಿ ಮಾತ್ರ ನಮ್ಮದಾಗಿರುವ ಮರಸಾಲು

ನಮ್ಮ ವಲಯದ ಮಾನ್ಯ ದಂಡನಾಯಕರೇ,

ನಿಮ್ಮ ಗೋಡೆಯ ನಕ್ಷೆಯಲ್ಲಿ ಬೀಟ್‌ರೂಟ್ ಹೊಲದಾಚೆಯ ಮರಸಾಲು ನೀಲಿಯಾಗಿದೆ, ಅಂದರೆ ನಮ್ಮದು. ಅದು ಸುಳ್ಳು. ಮಂಗಳವಾರ ಮಧ್ಯಾಹ್ನವೇ ಅದು ಶತ್ರುವಿನ ಪಾಲಾಯಿತು. ಬೆಟಾಲಿಯನ್ನಿನ ದಿನದ ವರದಿಯಲ್ಲಿ ಆ ಸುಳ್ಳನ್ನು ಬರೆದ ಕೈ ನನ್ನದು. ಬರೆಸಿದ ಭಯ ತಮ್ಮ ಕೃಪೆ.

ಪೋಲ್ತಾವ ನಗರದ ರಂಗಮಂದಿರದಲ್ಲಿ ಇಪ್ಪತ್ತು ವರ್ಷ ರಾಜರ ವೇಷ ಕಟ್ಟಿದವನು ನಾನು. ಅಲ್ಲಿ ಖಡ್ಗ ತಗಡಿನದೆಂದು ಕೊನೆಯ ಸಾಲಿನ ಪ್ರೇಕ್ಷಕನಿಗೂ ಗೊತ್ತು. ಸತ್ತವನು ಪರದೆ ಬಿದ್ದೊಡನೆ ಎದ್ದು ಸಾರು ಕುಡಿಯಲು ಹೋಗುತ್ತಾನೆ. ತಮ್ಮ ರಂಗದಲ್ಲಿ ಬಿದ್ದವರು ಯಾರೂ ಏಳುವುದಿಲ್ಲ.

“ಮರಸಾಲು ಹೋಯ್ತು ಅಂತ ಬರೀಲಾ, ಸಾಹೇಬ್ರೆ?” ಎಂದು ಅಂದು ನಮ್ಮ ಮೇಜರರನ್ನು ಕೇಳಿದೆ.

“ಬರಿ. ನಾಳೆ ‘ವಾಪಸ್ ಗೆದ್ಕೊಳ್ಳಿ’ ಅಂತ ಆದೇಶ ಬರುತ್ತೆ. ಉಳಿದಿರೋದು ಹನ್ನೊಂದು ಜನ, ಅದರಲ್ಲೊಬ್ಬ ಅಡುಗೆಯವನು. ಸೌಟು ಹಿಡ್ಕೊಂಡು ಹೋಗ್ತಾನಾ?”

“ಮತ್ತೇನ್ ಬರೀಲಿ?”

“ಬದಲಾವಣೆ ಇಲ್ಲ ಅಂತ ಬರಿ ಮಾರಾಯ.”

ಅವರು ಹೇಡಿಯಲ್ಲ. ಹೋದ ತಿಂಗಳು ತಮ್ಮ ಗುಡ್ಡ ಕೈಬಿಟ್ಟಿತೆಂದು ನಿಜ ಹೇಳಿದ ಇನ್ನೊಬ್ಬ ಮೇಜರರ ಪದವಿ ಕಿತ್ತು, ಅವರ ಹುಡುಗರನ್ನು ಅದೇ ಗುಡ್ಡಕ್ಕೆ ಮರಳಿ ಅಟ್ಟಿದವರು ಯಾರು? ಸತ್ಯಕ್ಕೆ ಶಿಕ್ಷೆ ಕೊಟ್ಟ ಮೇಲೆ ತಮಗೆ ಸುಳ್ಳಲ್ಲದೆ ಬೇರೇನು ಬಂದೀತು?

ಗುರುವಾರ ಪಕ್ಕದ ದಳದ ಆಂಬ್ಯುಲೆನ್ಸ್ ಚಾಲಕ ತಿಮಿಶ್ ಗಾಡಿ ನಿಲ್ಲಿಸಿ ನನ್ನನ್ನು ಕೇಳಿದ: “ಲುಕ್ಯಾನಣ್ಣ, ಮರಸಾಲಿನ ಪಕ್ಕದ ದಾರಿ ನಮ್ದೇ ತಾನೆ?”

“ನಕ್ಷೆಯಲ್ಲಿ ನೀಲಿ ಇದೆ.”

“ಅದನ್ನ ನಾನೂ ನೋಡ್ದೆ. ನಿನ್ನ ಕೇಳ್ತಿರೋದು.”

ಮೇಜರ್ ಪಕ್ಕದಲ್ಲೇ ಇದ್ದರು. ನಾಲ್ಕು ಬಾಲ್ಕನಿಗೆ ಕೇಳುವಂತೆ ಗುಡುಗುತ್ತಿದ್ದ ಈ ಗಂಟಲು ಆಗ ತೆರೆಯಲಿಲ್ಲ. ತಿಮಿಶ್ ಹೋದ. ಗಾಡಿ ಹೊತ್ತಿ ಉರಿಯುವುದನ್ನು ಡ್ರೋನಿನ ಪರದೆಯಲ್ಲಿ ಕಂಡು, ಮರಸಾಲಿನ ಮೇಲೆ ಹೊಡೆಯಿರೆಂದು ಫಿರಂಗಿಯವರಿಗೆ ಮೊರೆಯಿಟ್ಟೆವು. “ನಕ್ಷೆ ಪ್ರಕಾರ ಅಲ್ಲಿ ನಿಮ್ಮೋರೇ ಇದ್ದಾರಲ್ರಿ, ಹೆಂಗ್ರಿ ಹೊಡೆಯೋದು?” ಎಂದರು.

ಅಂದು ಸಂಜೆ ನಿಜ ಬರೆದೆ. ಎರಡೇ ಗಂಟೆಯಲ್ಲಿ ತಮ್ಮ ಕಚೇರಿಯಿಂದ ಮರಳಿತು: “ಪರಿಶೀಲಿಸಿ, ಸರಿಪಡಿಸಿ ಕಳುಹಿಸುವುದು.” ಬೆನ್ನಿಗೇ ಆದೇಶ: ಶನಿವಾರ ನಸುಕಿನ ಐದಕ್ಕೆ ಎಂಟು ಮಂದಿ ಹೊಲದ ಕಾಲುವೆಗುಂಟ ಹೋಗಿ ಮರಸಾಲಿನ ಕಾವಲಿನವರನ್ನು ಪಾಳಿಯಿಂದ ಬಿಡಿಸಬೇಕು. ಯಾವ ಕಾವಲಿನವರನ್ನು, ಸ್ವಾಮಿ? ಮಣ್ಣಿನಡಿ ಇರುವವರನ್ನೇ?

ಈ ಪತ್ರವನ್ನು ಪತ್ರಿಕೆಗೆ ಕೊಟ್ಟರೆ ಶತ್ರುವಿಗೆ ತಿಳಿಯುವುದಿಲ್ಲವೇ ಎನ್ನುವಿರಿ. ಮರಸಾಲು ಯಾರ ಕೈಯಲ್ಲಿದೆಯೆಂದು ಅವನಿಗೆ ಚೆನ್ನಾಗಿ ತಿಳಿದಿದೆ. ತಿಳಿಯದಿರುವುದು ತಮಗೊಬ್ಬರಿಗೆ.

ನನ್ನ ಬೇಡಿಕೆ ಒಂದೇ: ಆ ಮರಸಾಲಿಗೆ ಇಂದೇ ಶತ್ರುವಿನ ಕೆಂಪು ಬಳಿಯಿರಿ, ಸೋತೆವೆಂದು ಹೇಳಿದವನನ್ನು ಸಾವಿಗೆ ಅಟ್ಟುವುದನ್ನು ನಿಲ್ಲಿಸಿ. ಕೇಳಿದರೆ ಕೊಡುವವರಲ್ಲ ತಾವು, ಬಲ್ಲೆ. ಅದಕ್ಕೇ ಗಂಟೆಯನ್ನೂ ದಾರಿಯನ್ನೂ ಬರೆದಿದ್ದೇನೆ. ಲೋಕವೆಲ್ಲ ಓದಿದ ಮೇಲೆ ಆ ಎಂಟು ಮಂದಿಯನ್ನು ಯಾವ ಸೇನಾಪತಿಯೂ ಆ ದಾರಿಯಲ್ಲಿ ಕಳಿಸಲಾರ. ಇದು ದ್ರೋಹವಾದರೆ, ಬರೆದುಕೊಳ್ಳಿ: ಮಾಡಿದ್ದೇನೆ.

ಇಂತಿ,
ಸೆರೆಯಲ್ಲಿ ಹೇಗೂ ಕಿತ್ತುಕೊಳ್ಳುವ ಬೂಟಿನ ದಾರವನ್ನು ಈಗಲೇ ಬಿಚ್ಚಿಟ್ಟು ತಮ್ಮ ಪೊಲೀಸರಿಗಾಗಿ ಕಾದಿರುವ,
ಲುಕ್ಯಾನ್ ಪೆರೆದೆರಿ
ಇವತ್ತಿನ ಮಟ್ಟಿಗೆ ಸಾರ್ಜೆಂಟ್