ಗಲ್ಲೆ ಇಲ್ಲದ ಹೋಟೆಲು

ಅಪ್ಪನಿಗೆ,

ನಾಸಿಕ್ ರೋಡ್ ಸ್ಟೇಷನ್ ಎದುರಿನ ನಮ್ಮ ಹೋಟೆಲಿನ ಗಲ್ಲೆಗೆ, ಬಿಲ್ ಬರೆದು ದುಡ್ಡು ತೆಗೆದುಕೊಳ್ಳುವ ಆ ಮೇಜಿಗೆ, ಕಂಪ್ಯೂಟರ್ ಬಂದ ದಿನ ನೆನಪಿದೆಯಾ? ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು ನನ್ನನ್ನು ಕರೆದಿರಿ. ಇಡ್ಲಿ ವಡೆಯಿಂದ ಕಷಾಯದ ತನಕ ಎಲ್ಲವನ್ನೂ ದರ ಸಮೇತ ಅದರೊಳಗೆ ಕೂರಿಸಿದ್ದು ನಾನು. ಕಂಪ್ಯೂಟರ್ ಕ್ಲಾಸಿಗೆ ಕಳಿಸಿದ್ದು ನೀವೇ, ಇಲ್ಲವೆನ್ನುವುದಿಲ್ಲ. ಮೊದಲ ಬಿಲ್ ಕರಕರ ಅಂತ ಹೊರಬಂದಾಗ ಅದನ್ನು ಕಣ್ಣಿಗೊತ್ತಿಕೊಂಡಿರಿ. ಆಮೇಲೆ ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಅಣ್ಣನನ್ನು ಕೂರಿಸಿದಿರಿ.

"ನಾನೇ ಕೂರ್ತೇನಪ್ಪ," ಅಂದೆ.

"ಗಲ್ಲೆಯಲ್ಲಿ ಹೆಣ್ಣುಮಕ್ಕಳು ಕೂರುದುಂಟಾ ಮಾರಾಯ್ತಿ? ಗಿರಾಕಿಗಳು ಎಂತ ಹೇಳಿಯಾರು?"

ಗಿರಾಕಿಗಳು ಏನು ಹೇಳುತ್ತಿದ್ದರು? ನೋಟು ಅಚ್ಚು ಹಾಕುವ ಪ್ರೆಸ್ಸಿನಿಂದ ಬರುವ ಕೆಲಸಗಾರರಿಗೆ ಚಹಾ ಬಿಸಿ ಇದ್ದರೆ ಸಾಕಿತ್ತು. ಹೇಳುವವರು ನೀವೊಬ್ಬರೇ.

ಕಂಪ್ಯೂಟರ್ ನಿಂತಾಗಲೆಲ್ಲ ಅಣ್ಣ ಮಹಡಿಯ ಮೇಲಿನ ನಮ್ಮ ಮನೆಯ ಕಡೆ ಕೂಗು ಹಾಕುತ್ತಿದ್ದ. ನಾನು ಅಡುಗೆಮನೆಯ ಬಾಗಿಲಿನಿಂದ ಬಂದು, ಸರಿ ಮಾಡಿ, ಅದೇ ಬಾಗಿಲಿನಿಂದ ಹೋಗಬೇಕು. ಗಲ್ಲೆಯ ಮೇಲಿನ ಗೋಡೆಯಲ್ಲಿ ಮಾಲೆ ಹಾಕಿದ ಅಜ್ಜನ ಫೋಟೋ. "ನಾಳೆ ಇದರ ಪಕ್ಕ ನಾನು. ಗಲ್ಲೆಯ ಮೇಲೇ ಹಾಕ್ಬೇಕು, ಬೇರೆ ಕಡೆ ಅಲ್ಲ," ಅಂತ ನಗುತ್ತಿದ್ದಿರಿ. ಆಮೇಲೆ ನನ್ನನ್ನು ಔರಂಗಾಬಾದಿಗೆ, ನಿಮ್ಮ ಗಿರಾಕಿಗಳ ಬಾಯಲ್ಲಿ ಸಂಭಾಜಿನಗರಕ್ಕೆ, ಮದುವೆ ಮಾಡಿ ಕಳಿಸಿದಿರಿ. ಅಷ್ಟು ಕಲಿಸಿದ್ದು ಯಾಕಪ್ಪ, ಬರೀ...

ನೀವು ಹೋದ ಮೇಲೆ ಅಣ್ಣ ನಿಮ್ಮ ಫೋಟೋ ಹಾಕಿದ. ಜನ ಮನೆಯಲ್ಲೇ ಕೂತು ಮೊಬೈಲಿನಲ್ಲಿ ತಿಂಡಿ ತರಿಸುವ ಕಾಲ ಬಂತು. ನಮ್ಮ ಹೋಟೆಲನ್ನೂ ಅದಕ್ಕೆ ಸೇರಿಸು, ನಾನು ಬಂದು ಮಾಡಿಕೊಡುತ್ತೇನೆ ಅಂದೆ. "ಹೋಟೆಲ್ ಲೈನಿನದ್ದು ನಿಂಗೆಂತ ಗೊತ್ತು?" ಅಂದ. ಥೇಟ್ ನಿಮ್ಮದೇ ಸ್ವರ. ಟೇಬಲ್ಲುಗಳು ಖಾಲಿಯಾದವು. ಕೊನೆಗೆ ಜಾಗವನ್ನು ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಟ್ಟ. ಎರಡೂ ಫೋಟೋಗಳನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮನೆಯಲ್ಲಿಟ್ಟು ಹೋದ. ಪಾಪ ಅನ್ನಿಸಲಿಲ್ಲ ನನಗೆ, ಸಿಟ್ಟೇ ಬಂತು.

ನಿಮಗೆ ತಿಳಿಯದ ಸುದ್ದಿ ಒಂದಿದೆ. ಇಲ್ಲಿ ನಾನು ಹೋಟೆಲು ಮಾಡಿದ್ದೇನೆ. ಮನೆಯ ಹಿಂದಿನ ಓಣಿಯಲ್ಲಿ ಒಂದು ಅಡುಗೆಮನೆ, ಇಬ್ಬರು ಭಟ್ಟರು, ಒಂದು ಫೋನು, ಅಷ್ಟೇ. ಆರ್ಡರು ಫೋನಿನಲ್ಲಿ ಬರುತ್ತದೆ, ದುಡ್ಡೂ ಅದರಲ್ಲೇ. ಗಿರಾಕಿಯ ಮುಖ ನಾನು ನೋಡಿಲ್ಲ, ನನ್ನದನ್ನು ಅವರು ನೋಡಿಲ್ಲ. ಚೆನ್ನಾಗಿಯೇ ನಡೆಯುತ್ತಿದೆ. ಗೆದ್ದೆ ಅನ್ನಲಾ? ನನಗೆ ಬೇಕಿದ್ದದ್ದು ಆ ಕುರ್ಚಿ ಅಪ್ಪ, ನಾಲ್ಕು ಜನರ ಎದುರು, ನಿಮ್ಮ ಎದುರು.

ಅಜ್ಜನನ್ನು ದೇವರ ಕೋಣೆಯಲ್ಲಿ ಹಾಕಿದ್ದೇನೆ. ನಿಮ್ಮದು ಗಲ್ಲೆಯ ಮೇಲೇ ಆಗಬೇಕಿತ್ತಲ್ಲ? ನನ್ನ ಹೋಟೆಲಿನಲ್ಲಿ ಗಲ್ಲೆ ಇಲ್ಲ. ನಿಮ್ಮ ಫೋಟೋದ ಪೇಪರು ನಾನಿನ್ನೂ ಬಿಚ್ಚಿಲ್ಲ.

ನಿಮ್ಮ ಮಗಳು