ಕೋಲು ನಾನು ಮುಟ್ಟಲಿಲ್ಲ

ನಮ್ಮ ಮನೆ, ಹಿಂಬಾಗಿಲ ಮೆಟ್ಟಿಲು
ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಹಟಮಾರಿ ಅಮ್ಮನಿಗೆ, ನಿನಗಿಂತ ಒಂದು ಕೂದಲೆಳೆ ಹೆಚ್ಚೇ ಹಟವಿರುವ ಚಿಕ್ಕ ಮಗಳ ಅಕ್ಕರೆಯ ನಮಸ್ಕಾರ.

ಮೊದಲು ಭುಜದ ಸಮಾಚಾರ ಹೇಳು. ಆ ಮಗ್ಗುಲಿಗೆ ಹೊರಳದೆ ಮಲಗಲು ಬರುತ್ತಿದೆಯೇ? ಬೆರಳು ಜೋಮು ಹಿಡಿಯುವುದು ನಿಂತಿತೇ? ಕೈಗೆ ಕಟ್ಟಿದ ಜೋಲಿಯನ್ನು ಬಿಚ್ಚಿ ದಿಂಬಿನ ಕೆಳಗೆ ಬಚ್ಚಿಟ್ಟು ಅಕ್ಕನ ಮಗುವಿನ ಬಟ್ಟೆ ಒಗೆಯಲು ಹೋಗಿದ್ದೆಯಂತೆ, ಸಿಕ್ಕಿಬಿದ್ದ ಮೇಲೆ "ಒಂದೇ ಕೈಲಿ ಒಗೆದೆ ಕಣೆ" ಎಂದು ವಾದ ಬೇರೆ ಮಾಡಿದೆಯಂತೆ. ಅಕ್ಕ ಎಲ್ಲ ಹೇಳಿದಳು. ಅವಳನ್ನು ಬೈಯಬೇಡ. ನಿನ್ನನ್ನು ಅವಳ ಮನೆಗೆ ಕಳಿಸಿದ್ದೇ ಅಂಥ ಚಾಡಿ ಹೇಳುವುದಕ್ಕೆ. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ, ಗಿಡಗಳಿಗೆ ನೀರು ಹಾಕುತ್ತಿದ್ದೇನೆ, ರಜೆ ಮುಗಿದ ಕೂಡಲೇ ಇಂಟರ್ನಲ್ಸ್ ಇರುವುದರಿಂದ ಪುಸ್ತಕ ತೆರೆದಿದ್ದೇನೆ. ತೆರೆದಿದ್ದೇನೆ ಎಂದೆ, ಓದಿದ್ದೇನೆ ಎನ್ನಲಿಲ್ಲ. ಉಗುರು ಕಚ್ಚುವುದು ಮಾತ್ರ ನಿಂತಿಲ್ಲ. ಈಗ ಕಚ್ಚಲು ಉಗುರೇ ಉಳಿದಿಲ್ಲ, ಅದು ಬೇರೆ ಮಾತು.

ಫೋನ್ ಇರುವಾಗ ಕಾಗದವೇಕೆ ಎಂದು ಹುಬ್ಬು ಗಂಟಿಕ್ಕುತ್ತೀಯ. ಫೋನಿನಲ್ಲಿ ನಾನು ಎದುರು ಮಾತಾಡಿದರೆ "ಆಯ್ತಾಯ್ತು, ಇಡ್ತೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನೆ ಹಾಗೇ ಮಾಡಿದೆ. ಇದನ್ನು ಹಾಗೆ ಇಡಲು ಬರುವುದಿಲ್ಲ. ಮಡಚಿಟ್ಟರೂ ಮತ್ತೆ ತೆಗೆಯುತ್ತೀಯ, ನನಗೆ ಗೊತ್ತು. ನಮ್ಮ ಗಾಳದ ಕ್ಯಾಂಪಿನ ವ್ಯಾನ್ ಈ ಹೊತ್ತು ಅಕ್ಕನ ಊರಿನ ಕಡೆ ಸಾಮಾನು ತರಲು ಹೋಗುತ್ತಿದೆ, ಡ್ರೈವರ್ ಮಾವನ ಕೈಯಲ್ಲಿ ಕೊಡುತ್ತೇನೆ. ಮ್ಯಾನೇಜರ್ ನಿನಗೆ ಒಂದು ಕಥೆ ಹೇಳಿದ್ದಾರೆ. ನಡೆದದ್ದನ್ನು ನಡೆದ ಹಾಗೆ ನನ್ನ ಬಾಯಿಂದ ಕೇಳು.

ಶುಕ್ರವಾರ ಅವರೇ ಬಾಗಿಲಿಗೆ ಬಂದರು. "ನಿಮ್ಮಮ್ಮನ ಗೈಡ್ ಜಾಗ ಖಾಲಿ ಇಟ್ಕೊಂಡು ಎಷ್ಟು ದಿನ ಅಂತ ಕಾಯ್ಲಿ? ನಾಳೆ ಕಣ್ಣಿನ ಡಾಕ್ಟ್ರು ಬರ್ತಾ ಇದಾರೆ. ಮೀನಿಗೆ ನೀನು ಕರ್ಕೊಂಡು ಹೋಗ್ತೀಯೋ, ಇಲ್ಲ ಆ ಕಡೆ ನೀರನ್ನ ಮೀಸೆಗೆ ಕೊಟ್ಬಿಡ್ಲೋ?" ಎಂದರು. ಆ ಇನ್ನೊಬ್ಬ ಗೈಡ್, ಮೀಸೆ, ಮ್ಯಾನೇಜರ್ ಹಿಂದೆಯೇ ನಿಂತು, ಸತ್ತವರ ಮನೆಯಲ್ಲಿ ಮಂಚ ಅಳೆಯಲು ಬಂದವನ ಹಾಗೆ ನಿನ್ನ ಕಯಾಕ್ ದೋಣಿ ನೋಡುತ್ತಿದ್ದ. ನಾನೇ ಹೋಗುತ್ತೇನೆ ಎಂದೆ. ನೀನು ಫೋನಿನಲ್ಲಿ ಹೇಳಿದ್ದೂ ಅಷ್ಟೇ: "ಹೋಗು, ನಗ್ತಾ ಇರು, ಅವರು ಹೇಳಿದ್ದು ಮಾಡು." ಅವರು ಏನು ಹೇಳಬಹುದು ಎಂಬುದನ್ನು ಮಾತ್ರ ನೀನು ನುಂಗಿಕೊಂಡೆ.

ಶನಿವಾರ ಬೆಳಗ್ಗೆ ಸಮುದ್ರದ ನೀರು ಇಳಿದಿತ್ತು. ಎರಡು ಕಯಾಕ್, ಮುಂದೆ ನಾನು, ಹಿಂದೆ ಡಾಕ್ಟರು. ಅವರು ಒಳ್ಳೆಯ ಮನುಷ್ಯರೇ ಅಮ್ಮಾ, ಇಲ್ಲವೆನ್ನಲಾರೆ. ಹುಟ್ಟು ಹಾಕುತ್ತಲೇ ನಿನ್ನ ಭುಜ ವಿಚಾರಿಸಿದರು, ನನ್ನ ಕಾಲೇಜು ವಿಚಾರಿಸಿದರು, ಕನ್ನಡಕದ ಪವರ್ ಕೂಡ ದೂರದಿಂದಲೇ ಅಂದಾಜು ಮಾಡಿ ಹೇಳಿದರು. ಮರಳುದಿಬ್ಬಕ್ಕೆ ಕಯಾಕ್ ಕಟ್ಟಿ ಮೊಣಕಾಲುದ್ದದ ನೀರಬಯಲಿಗೆ ಇಳಿದೆವು. ಮುಳ್ಳುಬಾಲದ ತೊರಕೆ ಮೀನು ತುಳಿಯದಂತೆ ಕಾಲೆತ್ತದೆ ಉಜ್ಜಿಕೊಂಡು ನಡೆಯಬೇಕು ಎಂದೆ. "ಗೊತ್ತು ಮಗು, ನೀನು ಹುಟ್ಟೋಕೆ ಮುಂಚಿಂದ ಉಜ್ಜಿಕೊಂಡೇ ನಡೀತಿದೀನಿ" ಎಂದು ನಕ್ಕರು. ಆಮೇಲೆ ನನ್ನ ಪರೀಕ್ಷೆ ಶುರುವಾಯಿತು. ಮೀನು ಕಾಣಿಸುವುದೇ ಇಲ್ಲ. ನಾವು ಮಾಯಗಾರ ಎಂದು ಕರೆಯುವುದು ಸುಮ್ಮನೆ ಅಲ್ಲ, ಮೈಯೆಲ್ಲ ಕನ್ನಡಿ, ಕಾಣಿಸುವುದು ಅದರ ನೆರಳು ಮಾತ್ರ. ನೆರಳು ಹುಡುಕು, ಮೀನನ್ನಲ್ಲ ಎಂದು ನೀನು ಹೇಳಿಕೊಟ್ಟದ್ದನ್ನು ನೆನೆಸಿಕೊಂಡು "ಹತ್ತು ಗಂಟೆ ದಿಕ್ಕು ಸರ್, ಎಡಕ್ಕೆ, ಹಾಕಿ" ಎಂದೆ. ಡಾಕ್ಟರು ಗಾಳದ ಕೋಲಿನಿಂದ ದಾರ ಬೀಸಿ, ಗರಿ ಸುತ್ತಿ ಕಟ್ಟಿದ ಆ ಹುಸಿ ಸಿಗಡಿಯನ್ನು ನೆಟ್ಟಗೆ ಅಲ್ಲಿಗೇ ಎಸೆದರು. ಅದು ಕಲ್ಲು. "ಪರವಾಗಿಲ್ಲ, ಕಲ್ಲಿಗಂತೂ ಚೆನ್ನಾಗಿ ಗುರಿ ಇಟ್ಟೆ" ಎಂದರು. ಇಬ್ಬರೂ ನಕ್ಕೆವು. ಹಾಗೇ ಮುಗಿದಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ.

ನೀರು ಏರತೊಡಗಿದಾಗ ಬಾಲಗಳು ಕಂಡವು. ಮೂತಿ ಮರಳಿಗಿಟ್ಟು ಮೇಯುವ ಮೀನುಗಳ ಬಾಲದ ತುದಿ ನೀರಿನ ಮೇಲೆ ಬಂದು ಫಳ್ಳೆಂದು ಹೊಳೆಯುತ್ತದಲ್ಲ, ಅದು. ಈ ಸಲ ಕಲ್ಲಲ್ಲ. ಡಾಕ್ಟರು ಎಸೆದರು, ಮೀನು ತಿರುಗಿತು, ಬಾಯಿ ಹಾಕಿತು. ಅವರು ಕೋಲೆತ್ತಿಬಿಟ್ಟರು. ಹುಸಿ ಸಿಗಡಿ ಗಾಳಿಗೆ ಬಂತು, ಮೀನು ಮಾಯ. "ಕೋಲೆತ್ತಬೇಡಿ ಸರ್, ಕೈಲಿ ದಾರ ಎಳೀರಿ" ಎಂದೆ. ಎತ್ತಿಲ್ಲ ಎಂದರು. ಎತ್ತಿದಿರಿ ಎಂದೆ. "ಕೈ ತಾನಾಗೇ ಹೋಯ್ತು" ಎಂದರು. "ಕೈಗೆ ಹೇಳಿ ಸರ್" ಎಂದೆ. ಮತ್ತೊಮ್ಮೆ ಹೋಯಿತು, ಮಗದೊಮ್ಮೆ ಹೋಯಿತು. ಆಗ ಅವರು, ಟೀ ಕಪ್ಪು ತೆಗೆದುಕೋ ಎನ್ನುವಷ್ಟು ಸಹಜವಾಗಿ, ಕೋಲನ್ನು ನನ್ನ ಕಡೆ ಚಾಚಿದರು. "ತಗೋ. ನಿಮ್ಮಮ್ಮ ಆಗಿದ್ರೆ ಇಷ್ಟು ಹೊತ್ತಿಗೆ ಒಂದು ಸಿಕ್ಕಿಸಿ ಕೈಗೆ ಕೊಟ್ಟಿರ್ತಿದ್ರು."

ಕೈದಾಟ. ಗೈಡುಗಳ ಬಾಯಲ್ಲಿ ಆ ಪದವನ್ನು ಚಿಕ್ಕಂದಿನಿಂದ ಕೇಳಿದ್ದೆ, ಆದರೆ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಸಿಕ್ಕಿರಲಿಲ್ಲ. ಗೈಡು ತಾನೇ ಬೀಸಿ, ತಾನೇ ಮೀನು ಸಿಕ್ಕಿಸಿ, ದಾರ ಓಡುತ್ತಿರುವಾಗಲೇ ಕೋಲನ್ನು ಬಂದವರ ಕೈಗೆ ದಾಟಿಸುವುದು. ಆಮೇಲೆ ಅವರು ರೀಲು ಸುತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮೀನನ್ನು ನೀರಿಗೆ ಬಿಡುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕ್ಯಾಂಪಿನ ಊಟದ ಕೋಣೆಯ ಗೋಡೆ ತುಂಬ ಇರುವ ಆ ನಗುಮುಖದ ಫೋಟೋಗಳಲ್ಲಿ ಎಷ್ಟು ಮೀನು ನಿನ್ನವು ಅಮ್ಮಾ? ಡಾಕ್ಟರಿಗೆ ನಾಚಿಕೆ ಕೂಡ ಇರಲಿಲ್ಲ. "ಇದ್ರಲ್ಲಿ ತಪ್ಪೇನಿದೆ? ಆಪರೇಷನ್ ಮುಗಿದ ಮೇಲೆ ಹೊಲಿಗೆ ಹಾಕೋದು ನನ್ನ ಜೂನಿಯರ್ರು. ಹೆಸರು ನಂದೇ ಅಲ್ವಾ?" ಎಂದರು. ನನ್ನ ಬಾಯಿಂದ ತಟ್ಟನೆ ಬಂತು: "ಹಾಗಿದ್ರೆ ಆ ಜೂನಿಯರ್‌ನ ಕರ್ಕೊಂಡು ಬರ್ಬೇಕಿತ್ತು ಸರ್." ಅಷ್ಟು ದಿಟ್ಟವಾಗಿ ನಾನು ವಾರ್ಡನ್ನಿನ ಬೆಕ್ಕಿನ ಹತ್ತಿರವೂ ಮಾತಾಡಿದವಳಲ್ಲ.

ಅಷ್ಟರಲ್ಲಿ ದೊಡ್ಡದೊಂದು ಬಂತು. ನಮ್ಮ ಪಕ್ಕದಲ್ಲೇ, ಯಾರ ಹಂಗೂ ಇಲ್ಲದೆ ಮರಳು ಕೆದಕುತ್ತಿತ್ತು. ಬೆನ್ನು ಬಿಸಿಲಿಗೆ, ಗಾಳಿ ಹಿಂದಿನಿಂದ, ಎಸೆತ ಅಷ್ಟು ಸುಲಭ. ಕೋಲು ನನ್ನೆದುರು ಚಾಚಿಯೇ ಇತ್ತು. "ಒಂದೇ ಸಲ, ಮಗು" ಎಂದರು ಡಾಕ್ಟರು, ಪಿಸುದನಿಯಲ್ಲಿ. ನನಗೆ ಬೀಸಲು ಬರುವುದಿಲ್ಲ ಎಂದು ಮ್ಯಾನೇಜರ್ ನಿನಗೆ ಹೇಳಿದರಂತೆ. ಹಿತ್ತಿಲಲ್ಲಿ ದಾರದ ತುದಿಗೆ ಉಣ್ಣೆಯ ಚೂರು ಕಟ್ಟಿ, ಬಕೆಟ್ಟಿಗೆ ಬೀಳುವ ತನಕ ಪ್ರತಿ ರಜೆಯೂ ಬೀಸಿಸಿದವಳು ನೀನು. ಬರುತ್ತದೋ ಇಲ್ಲವೋ ನಿನಗೆ ಗೊತ್ತು. ಅಂಗೈ ನವೆಯಾಯಿತು ಅಮ್ಮಾ, ನಿಜ ಹೇಳುತ್ತೇನೆ. ಹಾಸ್ಟೆಲ್ ಪ್ರಾರ್ಥನೆಯಲ್ಲಿ ನಿಂತ ಹಾಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಮೀನು ತೋರಿಸೋದು ನನ್ನ ಕೆಲಸ ಸರ್. ಹಿಡಿಯೋದು ನಿಮ್ಮದು." ಆ ಮೀನು ನಮ್ಮ ಮಾತು ಮುಗಿಯುವ ತನಕ ಕಾಯಲಿಲ್ಲ.

ಆಮೇಲೆ ಅವರು ಸಿಟ್ಟಿನಲ್ಲೇ ಬೀಸಿದರು. ಆ ಸಿಟ್ಟಿನಲ್ಲಿ ಕೋಲೆತ್ತುವುದನ್ನು ಮರೆತರೋ ಏನೋ, ದಾರ ಎಳೆದರು, ಸಿಕ್ಕಿತು. ರೀಲು ಕಿರುಗುಟ್ಟಿತು. ಗೇಣುದ್ದದ ಮರಿ. ಅದನ್ನು ನೀರೊಳಗೇ ಎರಡೂ ಕೈಯಲ್ಲಿ ಹಿಡಿದು ನಿಂತಾಗ ಅವರ ಕೈ ನಡುಗುತ್ತಿತ್ತು. ಕಣ್ಣಿನ ಆಪರೇಷನ್ ಮಾಡುವ ಕೈ. ಫೋಟೋ ತೆಗೆಯಲೇ ಎಂದೆ. "ಬೇಡ" ಎಂದರು. ಗೋಡೆಯ ಮೇಲೆ ಅವರದೇ ತೋಳುದ್ದದ ಮೀನಿದೆಯಲ್ಲ, ಅದರ ಪಕ್ಕ ಈ ಗೇಣುದ್ದದ್ದನ್ನು ಹೇಗೆ ತೂಗುಹಾಕುತ್ತಾರೆ? ದಡಕ್ಕೆ ಬಂದವರೇ ನೇರ ಆಫೀಸಿಗೆ ಹೋದರು. ಗೈಡ್ ಸಹಾಯ ಮಾಡಲಿಲ್ಲ, ಉದ್ಧಟತನ ಮಾಡಿದಳು ಎಂದರು. ಎರಡನೆಯದು ಅರ್ಧ ನಿಜ.

ಮ್ಯಾನೇಜರ್ ಕರೆಸಿದರು. "ಏನಮ್ಮಾ, ಕಾಲೇಜು ಮೆಟ್ಟಿಲು ಹತ್ತಿದ ತಕ್ಷಣ ಕೊಂಬು ಬಂತಾ? ಅವರು ಬರೋದು ನಿನ್ನ ಪಾಠ ಕೇಳೋಕಾ? ಸಾರಿ ಕೇಳು, ಸೋಮವಾರ ಅವರಿಗೆ ಒಂದು ದೊಡ್ಡದು ದಾಟಿಸು, ಅಲ್ಲಿಗೆ ಮುಗೀತು. ಇಲ್ಲಾಂದ್ರೆ ನಿಮ್ಮಮ್ಮನ ಜಾಗ ನಾನು ಹಿಡಿದಿಡೋಕೆ ಆಗಲ್ಲ." ನಿನಗೂ ಅದನ್ನೇ ಹೇಳಿದ್ದಾರೆ. ನೀನು ಅವರ ಮಾತನ್ನು ಬಿಸಿಬಿಸಿಯಾಗಿ ನನಗೆ ಬಡಿಸಿದೆ. "ಸಾರಿ ಅಂದ್ರೆ ನಾಲಿಗೆ ಸವೆದುಹೋಗುತ್ತಾ? ಕೇಳಿ ಮುಗಿಸು. ಎರಡು ತಿಂಗಳು ಹೇಗೋ ತಳ್ಳು, ಆಮೇಲೆ ನಾನು ಬಂದು ನೋಡ್ಕೋತೀನಿ."

ಏನು ನೋಡಿಕೊಳ್ಳುತ್ತೀಯ ಅಮ್ಮಾ, ಯಾವ ಕೈಯಲ್ಲಿ? ನಿನ್ನ ಭುಜಕ್ಕೆ ಆಪರೇಷನ್ ಮಾಡಿದವರು ಏನು ಹೇಳಿದರು ಎಂಬುದು ನನಗೆ ಗುರುವಾರವೇ ಗೊತ್ತಾಯಿತು. ಆ ತೋಳು ಇನ್ನು ಯಾವತ್ತೂ ಕಿವಿಯ ಮಟ್ಟಕ್ಕಿಂತ ಮೇಲೇಳಬಾರದು, ಎದ್ದು ಬೀಸಿದರೆ ಕೂಡಿಸಿದ ಸ್ನಾಯು ಮತ್ತೆ ಹರಿಯುತ್ತದೆ, ಹರಿದರೆ ಮತ್ತೆ ಕೂಡಿಸಲಾಗದು. ಅಕ್ಕನ ಹತ್ತಿರ ಆಣೆ ಹಾಕಿಸಿಕೊಂಡೆಯಂತೆ, ಯಾರಿಗೂ ಹೇಳಬೇಡ ಎಂದು. ಮ್ಯಾನೇಜರಿಗೆ "ಸ್ವಲ್ಪ ಉಳುಕಿದೆ ಅಷ್ಟೇ" ಎಂದಿದ್ದೀಯ. ಆ ಭುಜ ಹರಿದದ್ದು ಮೀನು ತೋರಿಸಿ ಅಲ್ಲ. ಎದುರುಗಾಳಿಯಲ್ಲಿ ಇನ್ನೊಬ್ಬರ ಬದಲು ಬೀಸಿ ಬೀಸಿ ಹರಿದದ್ದು. ನಾನು ಸೋಮವಾರ ಒಂದು ದಾಟಿಸಿದರೆ ಈ ಸೀಸನ್ನು ಪೂರ್ತಿ ದಾಟಿಸಬೇಕು. ನಾನು ಕಾಲೇಜಿಗೆ ಹೋದ ಮೇಲೆ ನೀನು ಬಂದು, ಮೊದಲ ದಿನವೇ ಯಾರೋ ಕೋಲು ಚಾಚಿದಾಗ, ಇಲ್ಲ ಎನ್ನುತ್ತೀಯಾ? ನಿನ್ನನ್ನು ನಾನು ನೋಡಿಲ್ಲವೇ? ಹಲ್ಲು ಕಚ್ಚಿ ತೋಳೆತ್ತುತ್ತೀಯ.

ಕ್ಷಮಾಪಣೆ ಬರೆಯುವುದು ನನಗೆ ಹೊಸದಲ್ಲ. ಹಾಸ್ಟೆಲ್ ನನಗೆ ಮನಸ್ಸಿಟ್ಟು ಕಲಿಸಿದ ವಿದ್ಯೆ ಅದೊಂದೇ. ತಡವಾಗಿ ಬಂದದ್ದಕ್ಕೆ, ಬೇಗ ಎದ್ದದ್ದಕ್ಕೆ, ಇನ್ನೊಬ್ಬಳು ಒಡೆದ ಗ್ಲಾಸಿಗೆ, ಎಲ್ಲಕ್ಕೂ ಬರೆದುಕೊಟ್ಟಿದ್ದೇನೆ. ಇದಕ್ಕೆ ಬರೆಯುವುದಿಲ್ಲ. ಜೂನಿಯರ್ ಮಾತಿಗೆ ಬೇಕಾದರೆ ಡಾಕ್ಟರ ಮುಖ ನೋಡಿ ಕೇಳುತ್ತೇನೆ, ಅದು ಬಾಯಿ ಜಾರಿದ್ದು. ಕೈ ಕಟ್ಟಿಕೊಂಡದ್ದಕ್ಕೆ ಕೇಳುವುದಿಲ್ಲ. ಆ ನೀರಿನಲ್ಲಿ ಮೀನಿನ ನೆರಳನ್ನು ನಿನ್ನ ಹಾಗೆ ನೋಡುವವರು ಇನ್ನೊಬ್ಬರಿಲ್ಲ, ಅದಕ್ಕೆ ಭುಜ ಬೇಕಾಗಿಲ್ಲ. ಅವರಿಗೆ ನಿನ್ನ ಕಣ್ಣು ಬೇಕಿದ್ದರೆ ಇಟ್ಟುಕೊಳ್ಳಲಿ. ಬರೀ ತೋಳು ಬೇಕಿದ್ದರೆ ಮೀಸೆಗೆ ಎರಡಿವೆ.

ಇವತ್ತು ಬೆಳಗ್ಗೆಯೇ ಕ್ಯಾಂಪಿನ ಹುಟ್ಟು ಒಪ್ಪಿಸಲು ಹೋದಾಗ ಡಾಕ್ಟರು ಹುಲ್ಲಿನ ಮೇಲೆ ನಿಂತಿದ್ದರು. ದಾರದ ತುದಿಯನ್ನು ಒಂದು ಕುರ್ಚಿಗೆ ಕಟ್ಟಿ, ಕೋಲೆತ್ತದೆ ಎಳೆಯುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದರು. ಕುರ್ಚಿ ಇಷ್ಟಿಷ್ಟೇ ಅವರ ಕಡೆ ಬರುತ್ತಿತ್ತು, ಮಾಲಿ ಪೈಪು ಹಿಡಿದುಕೊಂಡು ನೋಡುತ್ತಿದ್ದ. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದರು. ನಾನೂ ನೋಡದವಳ ಹಾಗೆ ಬಂದೆ.

ಅಕ್ಕನಿಗೆ ನನ್ನ ನೆನಪು ಹೇಳು. ಭಾವನಿಗೆ ನಮಸ್ಕಾರ. ಮಗುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಡು, ಬಗ್ಗಿ ಕೊಡು, ಎತ್ತಿಕೊಳ್ಳಬೇಡ. ಜೋಲಿ ಬಿಚ್ಚಬೇಡ.

ನಿನ್ನ ಮಾತು ಕೇಳದ,
ಚಿಕ್ಕವಳು

ತಾ.ಕ. ವ್ಯಾನು ಬಂದು ಹಾರನ್ ಹೊಡೆಯುತ್ತಿದೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು. ಹುಟ್ಟು ಒಪ್ಪಿಸಿದ ಮೇಲೆ ನಾನು ಆಫೀಸಿಗೂ ಹೋಗಿದ್ದೆ. ನಮ್ಮ ಮನೆಯವರು ಇನ್ನು ಕೈದಾಟ ಮಾಡುವುದಿಲ್ಲ, ನಾನೂ ಇಲ್ಲ, ಅಮ್ಮನೂ ಇಲ್ಲ ಎಂದೆ. "ಇದು ಯಾರ ಮಾತು?" ಎಂದರು. ಅಮ್ಮನ ಮಾತು ಎಂದೆ. ಭುಜದ ವಿಷಯ ಎತ್ತಲಿಲ್ಲ, ಅದನ್ನು ನೀನೇ ಹೇಳಬೇಕು. ಸಂಜೆ ಅವರು ನಿನಗೆ ಫೋನ್ ಮಾಡುತ್ತಾರೆ, "ನಿಜ್ವಾಗ್ಲೂ ನೀವು ಹಾಗಂದ್ರಾ?" ಎಂದು ಕೇಳುತ್ತಾರೆ. ಹೌದು ಅನ್ನು ಅಮ್ಮಾ. ಬೇರೆ ಏನೂ ಸೇರಿಸಬೇಡ, ಹೌದು ಅಂದು ಇಟ್ಟುಬಿಡು, ಫೋನ್ ಇಡುವುದು ನಿನಗೆ ಚೆನ್ನಾಗಿ ಬರುತ್ತದೆ.